ಮೈಕಕ್ಕ ಓದಿದ ವಾಚನ

ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಹೆಂಗಸಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಹಾಜರಿ ಹಾಕುವ ಗುಮಾಸ್ತನನ್ನು ಬಿಟ್ಟರೆ ಅದು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವಳು ಮೈಕಕ್ಕ. ವಾರವೆಲ್ಲ ನಿಲ್ದಾಣದ ಮೈಕು, ಭಾನುವಾರ ಚರ್ಚಿನ ಮೈಕು. ಇನ್ನೇನು ಹೆಸರು ಬಂದೀತು ಹೇಳಿ?

ದನಿ ಮಾತ್ರ, ಸುಳ್ಳು ಹೇಳಬಾರದು, ದೇವರು ಮನಸ್ಸು ಬಿಚ್ಚಿ ಕೊಟ್ಟದ್ದು. 'ಗಾಡಿ ತಡವಾಗಿರುವುದಕ್ಕೆ ವಿಷಾದಿಸುತ್ತೇವೆ' ಎಂದು ಅವಳು ಹೇಳಿದರೆ, ಅಲ್ಲಿಯವರೆಗೆ ರೈಲ್ವೆಯವರ ವಂಶವನ್ನೆಲ್ಲ ಜಾಲಾಡುತ್ತಿದ್ದವರು ಕೂಡ ಪಾಪ ಅಂತ ಸುಮ್ಮನಾಗುತ್ತಿದ್ದರು. ವಿಷಾದಿಸುತ್ತಿದ್ದವಳು ಮಾತ್ರ ಆ ಹೊತ್ತಿಗೆ, ಮನೆಯಲ್ಲಿ ಬಟ್ಟೆ ಸೋಪು ಮುಗಿದಿದೆಯಲ್ಲ, ಹೋಗುವಾಗ ಒಯ್ಯಬೇಕು ಎಂದು ಯೋಚಿಸುತ್ತಿದ್ದಳು. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ದಿನವಿಡೀ ನಿಜವಾಗಿಯೂ ವಿಷಾದಿಸುತ್ತ ಕೂತರೆ ಯಾರ ಎದೆ ತಡೆದೀತು? ನಾಲಿಗೆ ತನ್ನ ಪಾಡಿಗೆ ದುಡಿಯಬೇಕು, ತಲೆ ತನ್ನ ಪಾಡಿಗೆ ತಿರುಗಬೇಕು. ಆ ಕಸುಬಿನ ಗುಣವೇ ಅದು. ಎಡವಟ್ಟು ಏನೆಂದರೆ, ಅದೇ ಕಸುಬನ್ನು ಅವಳು ಚರ್ಚಿಗೂ ಹೊತ್ತುಕೊಂಡು ಹೋಗಿದ್ದಳು.

ಚರ್ಚಿನಲ್ಲಿ ಪೂಜೆಯ ನಡುವೆ ಬೈಬಲಿನ ವಾಚನ ಓದುವವರು ಇನ್ನೂ ಕೆಲವರಿದ್ದರು. ಕೊಳಾಯಿ ರಿಪೇರಿಯವನು ಓದಿದರೆ ಪ್ರವಾದಿಗಳೆಲ್ಲ ನೆಗಡಿ ಹಿಡಿದವರಂತೆ ಕೇಳುತ್ತಿದ್ದರು. ಶಾಲೆಯ ಟೀಚರಮ್ಮ ಓದಿದರೆ ಜನ ಹೋಂವರ್ಕ್ ಮರೆತವರಂತೆ ತಲೆ ತಗ್ಗಿಸುತ್ತಿದ್ದರು. ಮೈಕಕ್ಕ ಓದಿದರೆ ಮಾತ್ರ ಮಕ್ಕಳೂ ಗಲಾಟೆ ನಿಲ್ಲಿಸುತ್ತಿದ್ದವು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹೆಂಗಸರು ಮುತ್ತಿಕೊಂಡು, "ಇವತ್ತು ಅಳು ಬರಿಸಿಬಿಟ್ರಿ ಕಣ್ರೀ" ಎನ್ನುತ್ತಿದ್ದರು. ಅವಳು "ಅಯ್ಯೋ, ನಂದೇನಿದೆ, ಎಲ್ಲ ಅವನದು" ಎಂದು ಆಕಾಶಕ್ಕೆ ಬೆರಳು ತೋರಿಸುತ್ತಿದ್ದಳು. ಬೆರಳು ಮೇಲಕ್ಕೆ ಹೋದರೂ ಮನಸ್ಸು ಅಲ್ಲಿಯೇ ನಿಂತು ಇನ್ನೊಂದು ಹೊಗಳಿಕೆಗೆ ಕಾಯುತ್ತಿತ್ತು. ಹೊಗಳಿದರೆ ಹಿಗ್ಗದವರು ಯಾರಿದ್ದಾರೆ!

ಆ ದನಿಗಾಗಿ ಅವಳು ಪಡುತ್ತಿದ್ದ ಶ್ರಮವೂ ಕಡಿಮೆಯದಲ್ಲ. ವಾಚನದ ಪುಟವನ್ನು ಜೆರಾಕ್ಸ್ ಮಾಡಿಸಿ ವಾರವಿಡೀ ಕೈಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಉಸಿರು ತೆಗೆದುಕೊಳ್ಳಬೇಕಾದ ಕಡೆ ಪೆನ್ಸಿಲಿನಿಂದ ಒಂದು ಗೀಟು, ತಡೆದು ನಿಲ್ಲಬೇಕಾದ ಕಡೆ ಎರಡು ಗೀಟು, ದನಿ ಮೆತ್ತಗಾಗಬೇಕಾದ ಮಾತಿನ ಕೆಳಗೆ ಒಂದು ಅಲೆ.

ಆ ವಾರದ ಮೊದಲನೆಯ ವಾಚನ ಪ್ರವಾದಿಯದು. ದಣಿದವನಿಗೆ ಒಂದು ಮಾತಿನ ಆಸರೆ ಕೊಡಲೆಂದು ದೇವರು ತನಗೆ ಪಳಗಿದ ನಾಲಿಗೆ ಕೊಟ್ಟಿದ್ದಾರೆ, ದಿನಾ ಬೆಳಗ್ಗೆ ತನ್ನ ಕಿವಿಯನ್ನು ತಟ್ಟಿ ಎಬ್ಬಿಸುತ್ತಾರೆ ಎಂದು ಪ್ರವಾದಿ ಹೇಳುವ ಭಾಗ. ಓದಲು ತಂದ ದಿನವೇ ಮೈಕಕ್ಕನಿಗೆ ಅದು ಬಲು ಹಿಡಿಸಿತು. 'ದಣಿದವನಿಗೆ' ಎಂಬಲ್ಲಿ ಅಲೆ ಎಳೆದಳು. ಅಲ್ಲಿ ದನಿ ಇಳಿಸಿ, ಕ್ಷಣ ತಡೆದು, ತಲೆಯೆತ್ತಿ ಜನರನ್ನು ನೋಡಿದರೆ ಎಂಥ ಪರಿಣಾಮ ಆಗಬಹುದು ಎಂದು ಲೆಕ್ಕ ಹಾಕಿದಳು.

ಶನಿವಾರ ಸಂಜೆಯೂ ಅವಳು ನಿಲ್ದಾಣದ ತನ್ನ ಕೋಣೆಯಲ್ಲಿ ಅದೇ ಕೆಲಸದಲ್ಲಿದ್ದಳು. ಕೋಣೆ ಎಂದರೆ ಒಂದನೇ ಪ್ಲಾಟ್‌ಫಾರ್ಮಿನ ಕಡೆಗೆ ಗಾಜಿನ ಕಿಟಕಿಯಿದ್ದ ಒಂದು ಗೂಡು. ಒಳಗೆ ಮೇಜು, ಫೋನು, ಕಪ್ಪು ಸ್ಪಂಜಿನ ಟೋಪಿ ಹಾಕಿಕೊಂಡ ದಪ್ಪ ಮೈಕು. ಕಿಟಕಿಯ ಕೆಳಭಾಗದಲ್ಲಿ ಸರಿಸುವಂಥ ಒಂದು ಸಣ್ಣ ಬಾಗಿಲು. ಶನಿವಾರ ಮಧ್ಯಾಹ್ನವೇ ವಿಚಾರಣೆಯ ಕೌಂಟರ್ ಮುಚ್ಚುವುದರಿಂದ ದಿಕ್ಕು ತಪ್ಪಿದವರೆಲ್ಲ ಆ ಸಣ್ಣ ಬಾಗಿಲಿಗೇ ಬಂದು ಬಗ್ಗುತ್ತಿದ್ದರು. 'ನನ್ನದು ಹೇಳುವ ಕೆಲಸ, ಕೇಳುವ ಕೆಲಸ ಅಲ್ಲ' ಎಂದು ಅವಳು ಸ್ಟೇಷನ್ ಮಾಸ್ತರರ ಹತ್ತಿರ ಎಷ್ಟೋ ಸಲ ಜಗಳ ಆಡಿದ್ದಳು.

ಬೆಟ್ಟದಾಚೆಯ ಕೊನೇ ನಿಲ್ದಾಣಕ್ಕೆ ಹೋಗುವ ಸಂಜೆಯ ಗಾಡಿಗೆ ಇನ್ನೂ ಸ್ವಲ್ಪ ಸಮಯವಿತ್ತು. ಅವಳು ಹಾಳೆ ಹರಡಿಕೊಂಡು, ಮೈಕಿನ ಗುಂಡಿ ಆರಿಸಿ, ಅದಕ್ಕೇ ಬಾಯಿ ಹಚ್ಚಿ ಮೆಲ್ಲಗೆ ಓದುತ್ತಿದ್ದಳು. 'ದಣಿದವನಿಗೆ' ಎಂಬಲ್ಲಿಗೆ ಬಂದು ದನಿ ಇಳಿಸಿದಳು ನೋಡಿ, ಅಷ್ಟರಲ್ಲಿ ಸಣ್ಣ ಬಾಗಿಲಿನಿಂದ ಒಂದು ಹೂವಿನ ಕಟ್ಟು ಒಳಗೆ ಬಂತು. ಒದ್ದೆ ಪೇಪರಿನಲ್ಲಿ ಸುತ್ತಿದ ಬಿಳಿ ಹೂವು. ಅದರ ನೀರು ತೊಟತೊಟನೆ ಅವಳ ಹಾಳೆಯ ಮೇಲೆ ಸೋರಿತು.

ಹೂವಿನ ಹಿಂದೆ ಒಬ್ಬ ಮುದುಕ. ಆ ಹೊತ್ತಿನಲ್ಲಿ ಅವಳ ಪಾಲಿಗೆ ಅವನು ಮುದುಕ, ಅಷ್ಟೇ. 'ಅವರು, ಹಿರಿಯರು' ಎಂಬ ಮರ್ಯಾದೆಯೆಲ್ಲ ಬಂದದ್ದು ಮರುದಿನ.

"ಕೊನೇ ಸ್ಟೇಷನ್ ಗಾಡಿ ಎಲ್ಲಿ ನಿಲ್ಲುತ್ತೆ ತಾಯಿ?" ಎಂದ ಮುದುಕ. ದನಿ ಗೂಡೆಲ್ಲ ತುಂಬುವಷ್ಟು ಜೋರು. "ನನ್ನ ತಂಗಿ..."

"ನೋಡಿ, ನೋಡಿ! ಎಲ್ಲ ಒದ್ದೆ ಮಾಡಿಬಿಟ್ರಲ್ಲ!" ಅವಳು ಹೂವಿನ ಕಟ್ಟನ್ನು ಆಚೆಗೆ ದಬ್ಬಿ, ಸೆರಗಿನಿಂದ ಹಾಳೆ ಒತ್ತಿದಳು. ಪೆನ್ಸಿಲಿನ ಅಲೆ ಕದಡಿಹೋಗಿತ್ತು.

"ಯಾವ ಪ್ಲಾಟ್‌ಫಾರ್ಮ್ ತಾಯಿ?" ಮುದುಕ ಇನ್ನೂ ಬಗ್ಗಿ, ಗಾಜಿನಾಚೆಯಿಂದ ಅವಳ ಮುಖವನ್ನೇ ಹುಡುಕುವವನ ಹಾಗೆ ಕತ್ತು ಅತ್ತ ಇತ್ತ ಆಡಿಸಿದ.

"ಮೈಕಲ್ಲಿ ಹೇಳ್ತೀನಿ. ಕಿವಿಗೊಟ್ಟು ಕೇಳಿಸ್ಕೊಳ್ಳಿ!" ಸ್ಪಂಜಿನ ಹಿಂದಿನಿಂದಲೇ ಅಂದಳು. ಮೇಲೆ ತೂಗುಬಿದ್ದ ಲೌಡ್‌ಸ್ಪೀಕರಿನ ಕಡೆಗೆ ಬೆರಳು ತೋರಿಸಿ ಸಣ್ಣ ಬಾಗಿಲನ್ನು ಟಪ್ಪೆಂದು ಎಳೆದಳು. ಕದಡಿದ ಅಲೆಯ ಮೇಲೆ ಹೊಸ ಅಲೆ ತಿದ್ದಿದಳು.

ಆಮೇಲೆ ಫೋನು ಬಂತು. ಕೊನೇ ನಿಲ್ದಾಣದ ಗಾಡಿ ಇವತ್ತು ಒಂದರಲ್ಲಿ ಅಲ್ಲ, ಮೂರರಲ್ಲಿ. ಅವಳು ಗುಂಡಿ ಒತ್ತಿ, ಪ್ರಯಾಣಿಕರು ಗಮನಿಸಬೇಕೆಂದು ಸಕ್ಕರೆಯಂಥ ದನಿಯಲ್ಲಿ ಕೇಳಿಕೊಂಡಳು. ಮತ್ತೆ ಮತ್ತೆ ಕೇಳಿಕೊಂಡಳು. ಬೆಂಚುಗಳಿಂದ ಜನ ಎದ್ದು ಮೇಲುಸೇತುವೆಯ ಕಡೆಗೆ ಓಡಿದರು. ಆ ಮುದುಕನೊಬ್ಬ ಮಾತ್ರ ಹೂವಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಕೂತೇ ಇದ್ದ. ಗಾಡಿ ಆಚೆ ಬದಿಗೆ ಬಂದು ನಿಂತ ಮೇಲೆ ಅವನಿಗೆ ಅರ್ಥವಾಯಿತು. ಎದ್ದ, ಸೇತುವೆಯ ಮೆಟ್ಟಿಲು ಹತ್ತಿದ, ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿ ಅವನ ಕಾಲಡಿಯಲ್ಲೇ ಹೊರಟುಹೋಯಿತು. ಗಾಜಿನೊಳಗಿಂದ ಅದನ್ನೆಲ್ಲ ನೋಡಿದ ಮೈಕಕ್ಕ, "ಅಷ್ಟು ಸಲ ಬಡಕೊಂಡೆ, ಕೋಣನ ಮುಂದೆ ಕಿನ್ನರಿ" ಎಂದು ಗೊಣಗಿ ಕೈಚೀಲ ಎತ್ತಿಕೊಂಡಳು.

ಮನೆಯಲ್ಲಿ ಊಟವಾದ ಮೇಲೆ ಅತ್ತೆಯ ಮುಂದೆ ಒಮ್ಮೆ ಓದಿ ತೋರಿಸುವುದು ರೂಢಿ. ಅತ್ತೆಗೆ ಮೊಣಕಾಲು ನೋವು. ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ಓದು ಮುಗಿಯುವವರೆಗೂ ಕಣ್ಣು ಮುಚ್ಚಿ ಕೂತಿದ್ದು, "ದನಿ ಜೇನು ಕಣೇ. ಅದಿರಲಿ, ಏನು ಹೇಳ್ತು ಅದು?" ಎಂದು ಕೇಳಿದಳು.

"ಯಾವುದು?"

"ಈಗ ಓದಿದ್ಯಲ್ಲ, ಅದು."

ಮೈಕಕ್ಕ ಬಾಯಿ ತೆರೆದಳು. ಎಲ್ಲಿ ಒಂದು ಗೀಟು, ಎಲ್ಲಿ ಎರಡು ಗೀಟು, ಎಲ್ಲಿ ಅಲೆ, ಎಲ್ಲ ಕಣ್ಣ ಮುಂದಿತ್ತು. "ಅದೇ ಅತ್ತೆ... ಪ್ರವಾದಿ... ನಾಲಿಗೆ ವಿಷಯ" ಎಂದಳು.

"ನಾಲಿಗೆ ವಿಷಯ! ಕಿವಿ ವಿಷಯಾನೂ ಇದ್ದ ಹಾಗಿತ್ತಪ್ಪ" ಎಂದು ಅತ್ತೆ ಗೋಡೆ ಹಿಡಿದು ಎದ್ದಳು. ಮೈಕಕ್ಕ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಗ್ಗೆ ಪೂಜೆಗೆ ಮುಂಚೆ, ಗುರುಗಳು ಪೂಜಾವಸ್ತ್ರ ತೊಡುವ ಕೋಣೆಗೆ ಅವಳನ್ನು ಕರೆದರು.

"ನೋಡಮ್ಮ, ಇವತ್ತು ಮುಂದಿನ ಬೆಂಚಲ್ಲಿ ಒಬ್ಬರು ಹಿರಿಯರು ಕೂತಿರ್ತಾರೆ. ಅವರಿಗೆ ಕಿವಿ ಒಂದಿಷ್ಟೂ ಕೇಳಿಸಲ್ಲ, ತುಟಿ ನೋಡಿ ತಿಳ್ಕೊಳ್ತಾರೆ. ನೀನು ಮೈಕನ್ನ ಸ್ವಲ್ಪ ಕೆಳಗೆ ಸರಿಸಿ, ಮುಖ ಕಾಣೋ ಹಾಗೆ ನಿಧಾನವಾಗಿ ಓದು."

"ಆಗಲಿ ಫಾದರ್. ಯಾರವರು?"

"ದಾರಿಹೋಕರು. ನಿನ್ನೆ ಸಂಜೆ ಅವರ ಗಾಡಿ ತಪ್ಪಿಹೋಯ್ತಂತೆ, ರಾತ್ರಿ ತಂಗೋಕೆ ಚರ್ಚಿಗೆ ಬಂದ್ರು. ಬೆಟ್ಟದಾಚೆ ಊರಲ್ಲಿ ಅವರ ತಂಗಿ ತೀರ್ಕೊಂಡಿದಾರೆ. ಇವತ್ತು ಇದೇ ಹೊತ್ತಿಗೆ ಅಲ್ಲಿ ಮಣ್ಣು. ಎಷ್ಟೊಂದು ಟ್ಯಾಕ್ಸಿಯವರನ್ನ ಕೇಳಿದೆ, ಬೆಟ್ಟದ ದಾರಿ ಕುಸಿದಿದೆ ಅಂತ ಒಬ್ಬರೂ ಒಪ್ಪಲಿಲ್ಲ. ಮುಂದಿನ ರೈಲು ಇವತ್ತು ಮಧ್ಯಾಹ್ನವೇ. ಇಲ್ಲೇ ನಮ್ಮ ಮನೇಲಿ ಮಲಗಿಸಿದ್ದೆ." ಗುರುಗಳು ನಿಟ್ಟುಸಿರು ಬಿಟ್ಟರು. "ಒಬ್ಬಳೇ ತಂಗಿಯಂತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಮೈಕಕ್ಕನ ಕೈ ತಾನಾಗಿ ಕೈಚೀಲದ ಮೇಲೆ ಹೋಯಿತು. ಅದರೊಳಗೆ ಒದ್ದೆಯಾಗಿ ಒಣಗಿ ಉಬ್ಬಿದ ಹಾಳೆ ಇತ್ತು. ಗಾಡಿ ತಪ್ಪಿಸಿಕೊಂಡ ಮುದುಕರು ಊರಲ್ಲಿ ಒಬ್ಬರೇ ಇರುತ್ತಾರೆಯೇ, ಬೇರೆ ಯಾರೋ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ದನಿಯನ್ನು ಊರೆಲ್ಲ ನಂಬುತ್ತಿತ್ತು. ಆ ಬೆಳಗ್ಗೆ ಅವಳೇ ನಂಬಲಿಲ್ಲ.

ವಾಚನದ ಹೊತ್ತು ಬಂತು. ಬಲಿಪೀಠಕ್ಕೆ ತಲೆಬಾಗಿ, ವಾಚನಪೀಠದ ಮೆಟ್ಟಿಲು ಹತ್ತಿದಳು. ಪೀಠದ ಬುಡದಲ್ಲಿ ಒಂದು ಹಿತ್ತಾಳೆ ಚೊಂಬು, ಅದರಲ್ಲಿ ನಿನ್ನೆಯ ಅದೇ ಬಿಳಿ ಹೂವು. ಅಂಚೆಲ್ಲ ಬಾಡಿತ್ತು. ಮುಂದಿನ ಬೆಂಚಿನಲ್ಲಿ ಅವರೇ. ಇಸ್ತ್ರಿ ಮುರಿದ ಅದೇ ಅಂಗಿ. ಕತ್ತು ಮುಂದಕ್ಕೆ ಚಾಚಿ, ಅವಳ ಬಾಯಿಯನ್ನೇ ನೋಡುತ್ತ ಕೂತಿದ್ದರು.

ಕತ್ತು ಅತ್ತ ಇತ್ತ ಆಡಿಸಿದ್ದು ಇದಕ್ಕಾ! ಕಿವುಡರಿಗೆ ಕಿವಿಗೊಟ್ಟು ಕೇಳಿ ಅಂದಿದ್ದೆನಲ್ಲ, ಲೌಡ್‌ಸ್ಪೀಕರ್ ತೋರಿಸಿದ್ದೆನಲ್ಲ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಭೂಮಿ ಎಲ್ಲಿ ನುಂಗುತ್ತದೆ? ಅದು ನುಂಗುವುದಿದ್ದರೆ ನಾವ್ಯಾರೂ ಉಳಿಯುತ್ತಿರಲಿಲ್ಲ. ಮೈಕನ್ನು ಕೆಳಗೆ ಸರಿಸಿ ಓದಲೇಬೇಕಾಯಿತು.

ಪೀಠದ ಮೇಲಿನ ಪುಸ್ತಕದಲ್ಲಿ ಗೀಟೂ ಇಲ್ಲ, ಅಲೆಯೂ ಇಲ್ಲ. ದೇವರು ತನಗೆ ಪಳಗಿದ ನಾಲಿಗೆ ಕೊಟ್ಟಿದ್ದಾರೆ ಎಂದಳು. ಯಾರಿಗೆ ಕೊಟ್ಟದ್ದು? ಯಾತಕ್ಕೆ ಕೊಟ್ಟದ್ದು? ವಾರವಿಡೀ ಬಾಯಲ್ಲಿ ಹೊರಳಾಡಿಸಿದ ಮಾತು ಈಗ ಮೊದಲ ಸಲ ಕಿವಿಗೆ ಬಿತ್ತು. 'ದಣಿದವನಿಗೆ' ಎಂಬಲ್ಲಿಗೆ ಬಂದಾಗ ದನಿ ತಾನಾಗಿ ಇಳಿಯಿತು, ಇಳಿದದ್ದು ಮೇಲೆ ಬರಲೇ ಇಲ್ಲ. ಅಲ್ಲಿಗೇ ನಿಂತುಬಿಟ್ಟಳು. ಅದೂ ಮೈಕಕ್ಕನ ಒಂದು ವರಸೆ ಎಂದುಕೊಂಡು ಜನ ಉಸಿರು ಬಿಗಿಹಿಡಿದರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೆಳೆದರು. ಹಿರಿಯರ ಕಣ್ಣು ಮಾತ್ರ ಅವಳ ತುಟಿ ಬಿಟ್ಟು ಕದಲಲಿಲ್ಲ. ಮುಂದಿನ ಮಾತಿಗಾಗಿ ಕಾಯುತ್ತಿದ್ದರು, ಪ್ಲಾಟ್‌ಫಾರ್ಮಿನಲ್ಲಿ ಕಾದ ಹಾಗೆಯೇ.

ಹೇಗೋ ಕೊನೆ ಮುಟ್ಟಿಸಿ, "ಪ್ರಭುವಿನ ವಾಕ್ಯ" ಎಂದಳು. "ದೇವರಿಗೆ ಕೃತಜ್ಞತೆ ಸಲ್ಲಲಿ" ಎಂದು ಎಲ್ಲರೂ ಹೇಳಿದರು. ಎಲ್ಲರೂ ಮುಗಿಸಿದ ಮೇಲೆ ಹಿರಿಯರ ದನಿ ಒಂಟಿಯಾಗಿ ಅದನ್ನೇ ಹೇಳಿತು.

ಎರಡನೆಯ ವಾಚನ ಕೊಳಾಯಿಯವನದು. ಮಾಮೂಲಿನಂತೆ ಮೂಗಿನಲ್ಲೇ ಓದಿದ. ಮೈ ಮುಚ್ಚಲು ಬಟ್ಟೆಯಿಲ್ಲದೆ ಬಂದವರಿಗೆ, ಹೋಗಿ ಬನ್ನಿ, ಬೆಚ್ಚಗಿರಿ ಎಂದು ಬರೀ ಮಾತು ಹೇಳಿ ಕಳಿಸಿದರೆ ಏನು ಬಂತು, ಕೆಲಸ ಕಾಣದ ನಂಬಿಕೆ ಸತ್ತ ನಂಬಿಕೆ ಎಂದು ಅದರಲ್ಲಿತ್ತು. ಎಷ್ಟು ವರ್ಷದಿಂದ ಅವನ ಓದನ್ನು ಅವಳು ಒಳಗೊಳಗೇ ಆಡಿಕೊಂಡು ನಕ್ಕಿದ್ದಳೋ! ಇವತ್ತು ಒಂದಕ್ಷರ ಬಿಡದೆ ಕೇಳಿಸಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಅವಳು ಬೇರೆಯವರ ಮೇಲೆ ಧಾರಾಳವಾಗಿ ಪ್ರಯೋಗಿಸಿದ್ದಳು. ಈಗ ಅದು ಹುಡುಕಿಕೊಂಡು ಮನೆಗೆ ಬಂದಿತ್ತು.

ಚೊಂಬಿನಲ್ಲಿದ್ದ ಹೂವು ಹಿರಿಯರು ತಂಗಿಗೆಂದು ತಂದದ್ದು ಎಂದು ಹೇಳಿ, ಗುರುಗಳು ಅಗಲಿದ ಆ ತಂಗಿಗಾಗಿ ಎಲ್ಲರಿಂದಲೂ ಪ್ರಾರ್ಥನೆ ಬೇಡಿದರು. ಪರಮಪ್ರಸಾದ ಪಡೆಯಲು ಜನ ಸಾಲಾಗಿ ಹೊರಟಾಗ, ಇಂಥ ತಪ್ಪು ಹೊತ್ತುಕೊಂಡು ಹೇಗೆ ಹೋಗುವುದೆಂದು ಅವಳು ಏಳಲಿಲ್ಲ. ಪಕ್ಕದಲ್ಲಿದ್ದ ಅತ್ತೆ ಮೊಣಕೈಯಿಂದ ತಿವಿದು, "ಯಾಕೇ?" ಎಂದಳು. ಮೈಕಕ್ಕ ನೀವು ಹೋಗಿ ಎಂದು ಕೈಸನ್ನೆ ಮಾಡಿದಳು. ಅತ್ತೆ ಒಂದು ಗಳಿಗೆ ಸೊಸೆಯ ಮುಖ ನೋಡಿ, ಒಬ್ಬಳೇ ಕುಂಟುತ್ತ ಸಾಲಿಗೆ ಹೋದಳು.

ಪೂಜೆ ಮುಗಿಯುತ್ತಲೇ ಪಕ್ಕದ ಬಾಗಿಲಿನಿಂದ ನುಸುಳಿಕೊಳ್ಳಬೇಕೆಂದು ಮೈಕಕ್ಕ ಹೊರಟಳು. ಹೊಗಳುವ ಹೆಂಗಸರು ಬಿಡಬೇಕಲ್ಲ! ಅಂಗಳದಲ್ಲಿ ಹಿಡಿದರು. "ಆ ತಡೆದು ನಿಂತ್ರಲ್ಲ, ಅಬ್ಬಾ, ಮೈ ಜುಂ ಅಂತು" ಎಂದಳು ಒಬ್ಬಳು. ಅಷ್ಟರಲ್ಲಿ ಹೆಂಗಸರನ್ನು ಸರಿಸಿಕೊಂಡು ಆ ಹಿರಿಯರೇ ಎದುರಿಗೆ ಬಂದು ಕೈಮುಗಿದರು.

"ತಾಯೀ!" ಅಂಗಳವೆಲ್ಲ ತಿರುಗಿ ನೋಡುವಂಥ ದನಿ. "ಎಷ್ಟು ಚೆನ್ನಾಗಿ ಓದಿದ್ರಿ! ಕಿವಿ ಹೋದ ಮೇಲೆ ಚರ್ಚಲ್ಲಿ ನಾನು ಸುಮ್ನೆ ಕೂತು ಎದ್ದು ಬರೋದು. ಇವತ್ತು ಒಂದೊಂದು ಮಾತೂ ನಿಮ್ಮ ತುಟಿ ಮೇಲೆ ಕಂಡೆ. ದಣಿದವನಿಗೆ ಮಾತಿನ ಆಸರೆ ಅಂದ್ರಲ್ಲ, ನನ್ನನ್ನೇ ಕೂರಿಸ್ಕೊಂಡು ಹೇಳಿದ ಹಾಗಾಯ್ತು."

ಮೈಕಕ್ಕ ನೆಲ ನೋಡುತ್ತ ಸೆರಗು ಎಳೆದುಕೊಂಡಳು.

"ನಿನ್ನೆ ಸ್ಟೇಷನ್ನಲ್ಲಿ ನಿಮ್ಮಂಥೋರು ಇದ್ದಿದ್ರೆ ನಮ್ಮ ಹುಡುಗಿ ಮುಖ ನೋಡ್ತಿದ್ದೆ" ಎಂದರು ಅವರು. ಆ ವಯಸ್ಸಿನವರಿಗೂ ತಂಗಿ ಇನ್ನೂ ಹುಡುಗಿಯೇ. "ಅಲ್ಲೊಬ್ಬಳು ಹೆಣ್ಣುಮಗಳಿದ್ಲು. ಏನೋ ಹೇಳಿದ್ಲು. ಗಾಜಿನ ಮೇಲೆ ಬಿಸಿಲು, ಬಾಯಿಗೆ ಅಡ್ಡ ಮೈಕು, ಏನೂ ಕಾಣಲಿಲ್ಲ. ಕೆಲಸದ ಗಡಿಬಿಡಿ, ಪಾಪ. ಬೈಕೋಬಾರದು."

ಆ 'ಪಾಪ' ಅವಳಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೈಮುಗಿದು ಹೊರಟುಬಿಟ್ಟರೆ ಮುಗಿಯಿತು, ಯಾರಿಗೂ ಏನೂ ತಿಳಿಯುವುದಿಲ್ಲ. ಮಧ್ಯಾಹ್ನದ ಗಾಡಿಗೆ ಇವರು ಹೋಗುತ್ತಾರೆ, ಮುಂದಿನ ಭಾನುವಾರ ಅವಳು ಮತ್ತೆ ಮೈಕಕ್ಕನೇ. ಅವಳ ಕಾಲು ಅರ್ಧ ತಿರುಗಿತ್ತು ಕೂಡ. ಆದರೆ ಎದ್ದ ಕಿವಿ ಮತ್ತೆ ಮಲಗಲು ಒಪ್ಪಲಿಲ್ಲ.

"ಅದು ನಾನೇ" ಎಂದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು.

"ಕಾಣ್ತಿಲ್ಲ ತಾಯಿ. ಕೈ ತೆಗೆದು ಹೇಳಿ."

ಸೆರಗು ತೆಗೆದಳು. ತಲೆ ಎತ್ತಿದಳು. ಸುತ್ತ ಹೊಗಳುವ ಮುಖಗಳು, ಪಕ್ಕದಲ್ಲಿ ಅತ್ತೆ. ಇಲ್ಲೊಂದು ಸಣ್ಣ ಉಪಾಯ ಅವಳಿಗೆ ಹೊಳೆಯಿತು, ಕಳ್ಳಬುದ್ಧಿ ಕೊನೆ ಗಳಿಗೆಯವರೆಗೂ ಬಿಡುವುದಿಲ್ಲ ನೋಡಿ. ಇವರಿಗೆ ದನಿ ಯಾಕೆ ಬೇಕು? ತುಟಿ ಸಾಕಲ್ಲ. ದನಿಯಿಲ್ಲದೆ, ಬರೀ ತುಟಿಯಲ್ಲಿ, ಸ್ಪಷ್ಟವಾಗಿ ಹೇಳಿದಳು: ನಿನ್ನೆ ಸ್ಟೇಷನ್ನಲ್ಲಿ ಇದ್ದಿದ್ದು ನಾನೇ.

ಪಾಪ, ತುಟಿ ನೋಡಿ ತಿಳಿಯುವವರಿಗೆ ಒಂದು ಅಭ್ಯಾಸವಿರುತ್ತದೆ. ತಿಳಿದದ್ದು ಸರಿಯೋ ಅಲ್ಲವೋ ಎಂದು ಒಮ್ಮೆ ಹೇಳಿ ನೋಡುತ್ತಾರೆ.

"ನಿನ್ನೆ ಸ್ಟೇಷನ್ನಲ್ಲಿ ಇದ್ದಿದ್ದು ನೀವೇನಾ?" ಎಂದರು ಹಿರಿಯರು, ಗೇಟಿನ ಹತ್ತಿರ ಚಪ್ಪಲಿ ಹುಡುಕುತ್ತಿದ್ದವರಿಗೂ ಕೇಳುವ ಹಾಗೆ. "ಗಾಡಿ ಎಲ್ಲಿ ಅಂತ ಕೇಳಿದ್ರೆ ಬಾಗಿಲು ಹಾಕ್ಕೊಂಡಿದ್ದು ನೀವಾ?"

ಯಾವ ಲೌಡ್‌ಸ್ಪೀಕರೂ ಅಷ್ಟು ಚೊಕ್ಕವಾಗಿ ಪ್ರಕಟಿಸುತ್ತಿರಲಿಲ್ಲ. ಮೈ ಜುಂ ಅಂದವಳು ಬೇರೆಲ್ಲೋ ನೋಡಿದಳು. ಮೈಕಕ್ಕನ ಮುಖ, ಕಿವಿ, ಕತ್ತು ಎಲ್ಲ ಉರಿಯಿತು. ಹೌದು ಎಂದು ತಲೆಯಾಡಿಸಿದಳು.

ಹಿರಿಯರು ಒಂದು ಹೆಜ್ಜೆ ಹತ್ತಿರ ಬಂದರು. ಕೋಪ ಬಂದಂತೆ ಕಾಣಲಿಲ್ಲ. ಕ್ಷಮಿಸಿದಂತೆಯೂ ಕಾಣಲಿಲ್ಲ. "ಯಾಕೆ ತಾಯಿ?" ಎಂದರು. "ಅಂಥದ್ದೇನು ಕೆಲಸ ಇತ್ತು?"

ಈ ಸಲ ಅವಳು ದನಿ ಮುಚ್ಚಿಡಲಿಲ್ಲ. ಯಾವ ಅಲೆಯೂ ಇಲ್ಲದ, ಒಡೆದ, ಬೋಳು ದನಿ.

"ಇವತ್ತಿನ ವಾಚನ ಇತ್ತಲ್ಲ, ದಣಿದವನಿಗೆ ಮಾತಿನ ಆಸರೆ ಅಂತ... ಅದನ್ನ ಚೆನ್ನಾಗಿ ಓದ್ಬೇಕು ಅಂತ ಅಭ್ಯಾಸ ಮಾಡ್ತಿದ್ದೆ."

ಅವರ ತುಟಿ ಅವಳ ಮಾತಿನ ಜೊತೆಗೇ ಮೆಲ್ಲಗೆ ಆಡಿತು. ಆದರೆ ಈ ಮಾತನ್ನು ಅವರು ಜೋರಾಗಿ ಹೇಳಿ ನೋಡಲಿಲ್ಲ. ಚರ್ಚಿನ ಗೋಡೆಯ ಗಡಿಯಾರದ ಕಡೆಗೆ ತಿರುಗಿದರು. ಅಲ್ಲಿ ಬೆಟ್ಟದಾಚೆ ಇಷ್ಟು ಹೊತ್ತಿಗೆ ಮಣ್ಣು ಮುಚ್ಚಿ ಆಗಿರಬೇಕು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

"ಮಧ್ಯಾಹ್ನದ ಗಾಡಿ ಯಾವ ಪ್ಲಾಟ್‌ಫಾರ್ಮು?" ಎಂದು ಕೇಳಿದರು.

"ಇನ್ನೂ ಗೊತ್ತಿಲ್ಲ" ಎಂದಳು ಮೈಕಕ್ಕ, ಮುಖ ಮರೆಸದೆ. "ನಾನೂ ಬರ್ತೀನಿ. ಗಾಡಿ ಬರೋವರೆಗೂ ನಿಮ್ಮೆದುರಿಗೇ ಕೂತಿರ್ತೀನಿ."

ಅವರು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಗೇಟಿನ ಕಡೆಗೆ ನಡೆದರು. ಅತ್ತೆ ಒಳಗೆ ಹೋಗಿ ಚೊಂಬಿನ ಹೂವನ್ನು ಎತ್ತಿ ತಂದು, ನೀರು ಸೋರುತ್ತಿದ್ದ ಹಾಗೆಯೇ ಸೊಸೆಯ ಕೈಗಿಟ್ಟು, "ಹೋಗು, ಗೋರಿ ಮೇಲಾದ್ರೂ ಇಡ್ಲಿ" ಎಂದಳು. ಮೈಕಕ್ಕ ಅದನ್ನು ಎದೆಗೆ ಒತ್ತಿ ಹಿಡಿದು ಅವರ ಹಿಂದೆ ಹೋದಳು. ಸೀರೆಯ ಮುಂಭಾಗವೆಲ್ಲ ಒದ್ದೆಯಾಯಿತು.